ಕ್ಯಾಥೊಲಿಕ್ ಸನ್ಯಾಸಿಗಳ ಬಟ್ಟೆ: ಬಣ್ಣಕ್ಕೆ, ಹಗ್ಗಕ್ಕೆ, ಮುಸುಕಿಗೆ ನಿಜಕ್ಕೂ ಅರ್ಥ ಇದೆಯಾ?

ಹಂಪೆಕಲ್ಲು

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಕೇಳಬೇಕು ಅಂದುಕೊಂಡಿದ್ದ ಪ್ರಶ್ನೆ ಇದು. ನಾನು ಕ್ರೈಸ್ತನಲ್ಲ, ಆದರೆ ಹತ್ತನೇ ಕ್ಲಾಸಿನವರೆಗೂ ಓದಿದ್ದು ಕಾನ್ವೆಂಟ್ ಶಾಲೆಯಲ್ಲಿ. ಆಗ ಸಿಸ್ಟರ್‌ಗಳ ಬಟ್ಟೆ ಬಗ್ಗೆ ಕೇಳುವ ಧೈರ್ಯ ಯಾರಿಗಿತ್ತು?

ಈಗ ಗಮನಿಸಿದರೆ ಒಬ್ಬೊಬ್ಬರದ್ದು ಒಂದೊಂದು ಥರ. ಕೆಲವು ಸಿಸ್ಟರ್‌ಗಳು ಕಂದು ಬಣ್ಣದ ನಿಲುವಂಗಿ ಹಾಕುತ್ತಾರೆ, ಕೆಲವರು ಬಿಳಿ, ಇನ್ನು ಕೆಲವರು ಸೀರೆ. ಒಬ್ಬರ ತಲೆ ಮೇಲಿನ ಮುಸುಕು ಕಪ್ಪು, ಪಕ್ಕದಲ್ಲೇ ನಿಂತಿರುವ ಚಿಕ್ಕ ವಯಸ್ಸಿನವರದ್ದು ಬಿಳಿ. ಗಂಡಸರಲ್ಲೂ ಹಾಗೇ. ಕೆಲವರ ಸೊಂಟಕ್ಕೆ ಬಿಳಿ ಹಗ್ಗ ಇರುತ್ತದೆ, ಅದರಲ್ಲಿ ಗಂಟುಗಳು. ಕೆಲವು ಫಾದರ್‌ಗಳು ಮಾಮೂಲಿ ಪ್ಯಾಂಟು ಶರ್ಟಲ್ಲೇ ಓಡಾಡುತ್ತಾರೆ.

ನೆಟ್‌ನಲ್ಲಿ ಹುಡುಕಿದರೆ 'ಬಿಳಿ ಅಂದರೆ ಪರಿಶುದ್ಧತೆ, ಕಪ್ಪು ಅಂದರೆ ತ್ಯಾಗ' ಅಂತ ಎರಡು ಸಾಲು ಸಿಗುತ್ತದೆ, ಮುಗೀತು. ನನಗೆ ಅದು ಸಮಾಧಾನ ಆಗಲಿಲ್ಲ. ಒಂದೇ ಧರ್ಮದಲ್ಲಿ ಇಷ್ಟು ಬಗೆಯ ಬಟ್ಟೆ ಯಾಕೆ? ಮೊದಲು ಅರ್ಥ ಇಟ್ಟುಕೊಂಡು ಆಮೇಲೆ ಬಟ್ಟೆ ಹೊಲಿದರಾ, ಅಥವಾ ಬಟ್ಟೆ ಮೊದಲು ಬಂದು ಅರ್ಥ ಆಮೇಲೆ ಸೇರಿತಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಉದ್ದ ಆದರೂ ಪರವಾಗಿಲ್ಲ, ಓದುತ್ತೇನೆ.

ಹಳೇಪುಟ

ನಿಮ್ಮ ಕೊನೆಯ ಪ್ರಶ್ನೆಯಲ್ಲೇ ವಿಷಯದ ತಿರುಳಿದೆ. ನನ್ನ ಉತ್ತರ: ಹೆಚ್ಚಿನ ಕಡೆ ಬಟ್ಟೆ ಮೊದಲು, ಅರ್ಥ ಆಮೇಲೆ. ಹಾಗಂತ ಅರ್ಥ ಸುಳ್ಳು ಅಂತಲ್ಲ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಕ್ಯಾಥೊಲಿಕ್ ಸನ್ಯಾಸಿಗಳೆಲ್ಲ ಒಂದೇ ಮಠದವರಲ್ಲ. ಬೆನೆಡಿಕ್ಟೀನ್, ಸಿಸ್ಟರ್ಸಿಯನ್, ಫ್ರಾನ್ಸಿಸ್ಕನ್, ಡೊಮಿನಿಕನ್, ಕಾರ್ಮೆಲೈಟ್ ಹೀಗೆ ಎಷ್ಟೋ ಸಭೆಗಳಿವೆ. ಒಂದೊಂದು ಸಭೆಗೂ ಅದರದೇ ಸ್ಥಾಪಕರು, ಅದರದೇ ನಿಯಮ, ಅದರದೇ ಕಾಲ. ಬಟ್ಟೆಯೂ ಹಾಗೇ ಬೇರೆ ಬೇರೆಯಾಯಿತು.

ಶುರುವಾದದ್ದು ಈಜಿಪ್ಟಿನ ಮರಳುಗಾಡಿನಲ್ಲಿ, 4ನೇ ಶತಮಾನದಲ್ಲಿ. ಅಲ್ಲಿದ್ದ ಎವಾಗ್ರಿಯಸ್ ಎಂಬ ಸನ್ಯಾಸಿ (ತೀರಿಕೊಂಡಿದ್ದು 399ರಲ್ಲಿ) ಬಟ್ಟೆಯ ಒಂದೊಂದು ತುಂಡಿಗೂ ಅರ್ಥ ಬರೆದಿಟ್ಟಿದ್ದಾರೆ. ತಲೆಗೆ ಹಾಕುವ ಟೊಪ್ಪಿಗೆ ದೇವರ ಕೃಪೆಯ ಗುರುತು, ಅದು ಮನಸ್ಸನ್ನು ಕಾಯುತ್ತದೆ. ಸೊಂಟಪಟ್ಟಿ ದೇಹದ ಆಸೆಗಳಿಗೆ ಕಡಿವಾಣ. ಹೆಗಲ ಮೇಲೆ ಅಡ್ಡಡ್ಡ ಹಾಯುವ ಪಟ್ಟಿ ಶಿಲುಬೆಯ ಆಕಾರದ್ದು, ಅಂದರೆ ಕ್ರಿಸ್ತನಲ್ಲಿ ನಂಬಿಕೆ. ಕುರಿಚರ್ಮದ ಹೊದಿಕೆ ಯೇಸುವಿನ ಸಾವನ್ನು ಮೈಮೇಲೆ ಹೊತ್ತು ನಡೆಯುವುದರ ಗುರುತು.

ಅವರ ನಂತರ ಬಂದ ಜಾನ್ ಕಾಸಿಯನ್ ಈ ಅರ್ಥಗಳ ಪಟ್ಟಿಯನ್ನು ಪಶ್ಚಿಮಕ್ಕೆ, ಈಗಿನ ಫ್ರಾನ್ಸಿಗೆ, ತಂದರು. ಅವರು ಹೇಳುವ ಒಂದು ವಿವರ ನನಗೆ ತುಂಬಾ ಇಷ್ಟ. ಈಜಿಪ್ಟಿನ ಸನ್ಯಾಸಿಗಳ ಟೊಪ್ಪಿಗೆ ಅಲ್ಲಿನ ಚಿಕ್ಕ ಮಕ್ಕಳು ಹಾಕುವಂಥದ್ದೇ ಇತ್ತಂತೆ. ಹಗಲೂ ರಾತ್ರಿ ಅದನ್ನು ಹಾಕಿಕೊಂಡಿದ್ದರೆ ಮಗುವಿನ ಸರಳತೆ ನೆನಪಿನಲ್ಲಿರುತ್ತದೆ ಎಂದು. ಇಷ್ಟೆಲ್ಲ ಅರ್ಥ ಹೇಳಿದ ಅದೇ ಕಾಸಿಯನ್, ಈ ಉಡುಪನ್ನು ಹಾಗೇ ಚಳಿಯ ಊರಿಗೆ ತರಲು ಆಗುವುದಿಲ್ಲ, ಹವೆ ಮತ್ತು ಊರಿನ ರೂಢಿ ನೋಡಿಕೊಂಡು ಎಷ್ಟು ಸಾಧ್ಯವೋ ಅಷ್ಟು ಪಾಲಿಸಿ ಅಂತಲೂ ಹೇಳಿದ್ದಾರೆ. ಅರ್ಥಕ್ಕಾಗಿ ಚಳಿಯಲ್ಲಿ ನಡುಗಿ ಸಾಯಿರಿ ಅಂತ ಯಾರೂ ಹೇಳಲಿಲ್ಲ.

6ನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ಬರೆದ ನಿಯಮದ 55ನೇ ಅಧ್ಯಾಯ ಪೂರ್ತಿ ಬಟ್ಟೆ ಬಗ್ಗೆಯೇ ಇದೆ. ಅದರಲ್ಲಿ ಸಂಕೇತದ ಮಾತೇ ಇಲ್ಲ. ಇರುವುದು ಬರೀ ಮನೆವಾರ್ತೆ. ಚಳಿ ಊರಲ್ಲಿ ಜಾಸ್ತಿ ಕೊಡಿ, ಸೆಕೆ ಊರಲ್ಲಿ ಕಡಿಮೆ ಕೊಡಿ. ಒಬ್ಬರಿಗೆ ಎರಡು ಒಳನಿಲುವಂಗಿ, ಎರಡು ಟೊಪ್ಪಿಗೆಯಿರುವ ಮೇಲಂಗಿ ಸಾಕು, ಒಂದನ್ನು ಒಗೆಯಲು ಹಾಕಿದಾಗ ಇನ್ನೊಂದು ಬೇಕಲ್ಲ. ಮೇಲಂಗಿ ಚಳಿಗಾಲಕ್ಕೆ ದಪ್ಪ, ಬೇಸಿಗೆಗೆ ತೆಳು ಅಥವಾ ಬಳಸಿ ಸವೆದದ್ದು. ಬಣ್ಣದ ಬಗ್ಗೆ, ಒರಟುತನದ ಬಗ್ಗೆ ಗೊಣಗಬೇಡಿ, ಆ ಊರಲ್ಲಿ ಅಗ್ಗಕ್ಕೆ ಏನು ಸಿಗುತ್ತದೋ ಅದನ್ನೇ ಹಾಕಿ. ಅಳತೆ ಸರಿಯಾಗಿದೆಯಾ, ತುಂಡಾಗಿಲ್ಲವಾ ಅಂತ ಮಠದ ಹಿರಿಯರೇ ನೋಡಬೇಕು. ಹೊಸದು ಕೊಟ್ಟಾಗ ಹಳೆಯದನ್ನು ವಾಪಸ್ ಕೊಡಬೇಕು, ಅದು ಬಡವರಿಗೆ ಹೋಗುತ್ತದೆ. ಪ್ರಯಾಣ ಹೋಗುವವರಿಗೆ ಉಗ್ರಾಣದಿಂದ ಒಳಚಡ್ಡಿ ಕೊಡಿ, ಬಂದ ಮೇಲೆ ಒಗೆದು ಅಲ್ಲೇ ಇಡಲಿ ಅನ್ನುವವರೆಗೂ ಬರೆದಿದ್ದಾರೆ! ಚಾಕು, ಸೂಜಿ, ಕರವಸ್ತ್ರ, ಬರೆಯಲು ಹಲಗೆ, ಇವೆಲ್ಲ ಮಠವೇ ಕೊಡಬೇಕು, ಯಾಕೆಂದರೆ ಯಾರ ಹತ್ತಿರವೂ 'ನನ್ನದು' ಅಂತ ಏನೂ ಉಳಿಯಬಾರದು.

ನನ್ನ ಪ್ರಕಾರ ಈ ಬಟ್ಟೆಯ ನಿಜವಾದ ಅರ್ಥ ಅದೇ. ಬಣ್ಣ ಅಲ್ಲ. ಮೈಮೇಲಿನ ಬಟ್ಟೆಯೂ ನನ್ನದಲ್ಲ ಅನ್ನುವುದು. 58ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಹೊಸಬರು ವ್ರತ ತೆಗೆದುಕೊಂಡ ದಿನ ಅವರ ಸ್ವಂತ ಬಟ್ಟೆ ಬಿಚ್ಚಿಸಿ ಮಠದ ಬಟ್ಟೆ ತೊಡಿಸಬೇಕು. ಬಿಚ್ಚಿದ್ದನ್ನು ಎಸೆಯಬಾರದು, ಉಗ್ರಾಣದಲ್ಲಿ ಜೋಪಾನವಾಗಿ ಇಡಬೇಕು. ಮುಂದೆ ಯಾವತ್ತಾದರೂ ಅವರು ಮಠ ಬಿಟ್ಟು ಹೊರಟರೆ ಮಠದ ಬಟ್ಟೆ ಇಲ್ಲೇ ಬಿಟ್ಟು ಅವರದನ್ನು ತೊಟ್ಟು ಹೋಗಲಿ ಅಂತ.

ಬಣ್ಣದ ಕಥೆ ಇನ್ನೊಂದು ಪೋಸ್ಟಲ್ಲಿ ಬರೆಯುತ್ತೇನೆ, ಇದೇ ಉದ್ದ ಆಯಿತು.

ಕೊಳ್ಳೇಗಾಲದ ಹುಡುಗ

ಹಗ್ಗದ ಪ್ರಶ್ನೆಗೆ ನಾನು ಹೇಳ್ತೀನಿ ಸರ್. ಹಗ್ಗ ಕಟ್ಟುವವರು ಸಂತ ಫ್ರಾನ್ಸಿಸರ ಸಭೆಯವರು. ಅದರಲ್ಲೇ ಒಂದು ಕವಲು ಕಪುಚಿನ್ ಸ್ವಾಮಿಗಳು. ಉದ್ದ ಚೂಪು ಟೊಪ್ಪಿಗೆ, ಗಡ್ಡ, ಕಂದು ನಿಲುವಂಗಿ. ನಮ್ಮ ರಾಜ್ಯದಲ್ಲೂ ಇದ್ದಾರೆ, ನೀವು ನೋಡಿರೋದು ಅವರನ್ನೇ ಇರಬೇಕು.

ಹಗ್ಗದಲ್ಲಿ ಮೂರು ಗಂಟು. ಬಡತನ, ಬ್ರಹ್ಮಚರ್ಯ, ವಿಧೇಯತೆ, ಈ ಮೂರು ವ್ರತಕ್ಕೆ ಒಂದೊಂದು. ಸಂತ ಕ್ಲಾರಾ ಅವರ ಸಭೆಯ ಸಿಸ್ಟರ್‌ಗಳಿಗೆ ನಾಲ್ಕು ಗಂಟು ಇರುತ್ತೆ. ನಾಲ್ಕನೆಯದು ಮಠದ ಆವರಣ ಬಿಟ್ಟು ಹೊರಗೆ ಬರೋದಿಲ್ಲ ಅನ್ನೋ ವ್ರತಕ್ಕೆ.

ಆದರೆ ಹಗ್ಗ ಬಂದಿದ್ದು ಗಂಟಿಗೋಸ್ಕರ ಅಲ್ಲ. ಫ್ರಾನ್ಸಿಸ್ ಇಟಲಿಯ ಅಸ್ಸಿಸಿ ಅನ್ನೋ ಊರಿನ ಬಟ್ಟೆ ವ್ಯಾಪಾರಿಯ ಮಗ, ಒಳ್ಳೊಳ್ಳೆ ಬಣ್ಣದ ಬಟ್ಟೆ ಹಾಕ್ಕೊಂಡು ಬೆಳೆದವರು. ಅಪ್ಪನ ಜೊತೆ ಜಗಳ ಆಗಿ ಪಂಚಾಯಿತಿ ಬಿಷಪ್ಪರ ಮುಂದೆ ಬಂದಾಗ, ಮೈಮೇಲಿದ್ದ ಬಟ್ಟೆ ಎಲ್ಲಾ ಬಿಚ್ಚಿ ಅಪ್ಪನ ಕೈಗೇ ಕೊಟ್ಟುಬಿಟ್ಟರು. ಬಿಷಪ್ಪರು ತಮ್ಮ ಮೇಲಂಗಿಯಿಂದ ಮುಚ್ಚಿದರು. ಆಮೇಲೆ ಒಂದಿನ ಪೂಜೆಯಲ್ಲಿ ಶುಭಸಂದೇಶ (ಬೈಬಲ್ಲಿನಲ್ಲಿ ಯೇಸುವಿನ ಬದುಕು ಹೇಳುವ ಭಾಗ) ಓದ್ತಾ ಇದ್ದಾಗ, ಯೇಸುಸ್ವಾಮಿ ಶಿಷ್ಯರನ್ನ ಕಳಿಸುವಾಗ ಹೇಳಿದ ಮಾತು ಕಿವಿಗೆ ಬಿತ್ತು. ಚಿನ್ನ ಬೇಡ, ಚೀಲ ಬೇಡ, ಎರಡು ಅಂಗಿ ಬೇಡ, ಕೆರ ಬೇಡ. ಅಲ್ಲೇ ಕೆರ ಬಿಟ್ಟರು, ಸೊಂಟದ ಚರ್ಮದ ಬೆಲ್ಟ್ ತೆಗೆದು ಹಗ್ಗ ಕಟ್ಟಿಕೊಂಡರು. ಶಿಲುಬೆ ಆಕಾರದ ಒರಟು ಅಂಗಿ ಮಾಡಿಕೊಂಡರು.

ಅವರ ತೇಪೆ ಹಾಕಿದ ಅಂಗಿ ಅಸ್ಸಿಸಿಯ ಬಸಿಲಿಕಾದಲ್ಲಿ ಇವತ್ತಿಗೂ ಇದೆ. ಅದು ಕಂದು ಅಲ್ಲ, ಬೂದು ಥರ. ಇಂಗ್ಲೆಂಡಿನಲ್ಲಿ ಈ ಸಭೆಯವರನ್ನ ಬೂದು ಬಟ್ಟೆಯವರು ಅಂತಲೇ ಕರೀತಿದ್ದರು. ಕಂದು ಆಮೇಲೆ ಬಂದಿದ್ದು. 1223ರ ನಿಯಮದಲ್ಲಿ ಹಗ್ಗದ ಮಾತಿದೆ, ಗಂಟಿನ ಅರ್ಥದ ಮಾತಿಲ್ಲ. ಗೋಣಿಬಟ್ಟೆ, ಚಿಂದಿ ಏನು ಸಿಕ್ಕರೂ ತೇಪೆ ಹಾಕ್ಕೊಳ್ಳಿ ಅಂತಿದೆ. ಅದರ ಜೊತೆಗೇ ಇನ್ನೊಂದು ಮಾತು: ಮೆತ್ತಗಿನ, ಬಣ್ಣದ ಬಟ್ಟೆ ಹಾಕಿದವರನ್ನ ನೋಡಿ ಕೀಳಾಗಿ ಕಾಣಬೇಡಿ, ಅವರ ಬಗ್ಗೆ ತೀರ್ಪು ಕೊಡಬೇಡಿ, ನಿಮ್ಮನ್ನ ನೀವು ನೋಡಿಕೊಳ್ಳಿ. ಈ ಸಾಲು ಯಾರೂ ಹೇಳೋದಿಲ್ಲ. ನನಗೆ ಮೂರು ಗಂಟಿಗಿಂತ ಇದೇ ದೊಡ್ಡದು ಅನ್ಸುತ್ತೆ.

ಹಂಪೆಕಲ್ಲು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇದನ್ನೇ ಕೇಳಬೇಕಿತ್ತು. ಆದರೆ ಈಗ ಇನ್ನೊಂದು ಅನುಮಾನ. ಬಟ್ಟೆ ಬಡವರದ್ದು, ಅರ್ಥ ಆಮೇಲೆ ಸೇರಿಸಿದ್ದು ಅಂದರೆ, ಇವತ್ತು ಅದನ್ನು ತೊಡುವವರಿಗೆ ಆ ಅರ್ಥಗಳು ನಿಜಕ್ಕೂ ಮುಖ್ಯವಾ? ಅಥವಾ ಯೂನಿಫಾರ್ಮ್ ಥರ ಹಾಕಿಕೊಳ್ಳುತ್ತಾರಾ? ಹೆಂಗಸರ ಕಡೆಯ ಬಟ್ಟೆ ಬಗ್ಗೆಯೂ ಯಾರಾದರೂ ಹೇಳಿ. ಆ ಕಪ್ಪು ಬಿಳಿ ಮುಸುಕಿನ ವ್ಯತ್ಯಾಸ ಇನ್ನೂ ಗೊತ್ತಾಗಲಿಲ್ಲ.

ಕಡಲತಡಿ

ನಾನು ಮಂಗಳೂರಿನವಳು. ನನ್ನ ಚಿಕ್ಕಮ್ಮ ಸಿಸ್ಟರ್. ಹಾಗಾಗಿ ಪುಸ್ತಕದ್ದಕ್ಕಿಂತ ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ.

ಮುಸುಕಿನ ವಿಷಯ ಸುಲಭ. ಬಿಳಿ ಮುಸುಕು ಹಾಕಿದವರು ಇನ್ನೂ ತರಬೇತಿಯಲ್ಲಿ ಇರುವವರು, ನೋವಿಸ್ ಅಂತ ಹೇಳುವುದು. ವ್ರತ ತೆಗೆದುಕೊಂಡ ಮೇಲೆ ಕಪ್ಪು ಮುಸುಕು. ಎಲ್ಲ ಸಭೆಗಳಲ್ಲೂ ಹೀಗೇ ಅಂತಲ್ಲ, ಆದರೆ ಹಳೆಯ ಸಭೆಗಳಲ್ಲಿ ಹೆಚ್ಚಾಗಿ ಹೀಗೆ. ಮುಸುಕು ಮದುವೆಯಾದ ಹೆಂಗಸಿನ ಗುರುತು, ರೋಮ್‌ನಲ್ಲಿ ಹಿಂದಿನಿಂದಲೂ ಹಾಗೇ ಇತ್ತು. 4ನೇ ಶತಮಾನದಲ್ಲಿ ಸಂತ ಅಂಬ್ರೋಸರ ಅಕ್ಕ ಮಾರ್ಸೆಲ್ಲಿನಾ ರೋಮ್‌ನ ಸಂತ ಪೇತ್ರರ ಚರ್ಚಿನಲ್ಲಿ ಪೋಪ್ ಲಿಬೇರಿಯಸರ ಕೈಯಿಂದ ಮುಸುಕು ಪಡೆದರು. ಕ್ರಿಸ್ತನಿಗೇ ಮದುವೆಯಾದೆ ಅಂತ ಅದರ ಅರ್ಥ. ಕೆಲವು ಸಭೆಗಳಲ್ಲಿ ಬೆರಳಿಗೆ ಉಂಗುರವೂ ಇರುತ್ತದೆ.

ಇದು ಬರೀ ಮಾತಿಗಲ್ಲ. ಸಂತ ತೆರೇಸಾ ಅಂತ ಫ್ರಾನ್ಸಿನ ಲಿಸ್ಯೂ ಊರಿನವರು, ಪುಟ್ಟ ತೆರೇಸಾ ಅಂತ ನಮ್ಮಲ್ಲಿ ಹೇಳುತ್ತೇವೆ. 1889ರ ಜನವರಿ 10ರಂದು ಅವರಿಗೆ ಕಾರ್ಮೆಲ್ ಮಠದ ಬಟ್ಟೆ ತೊಡಿಸಿದರು. ಅವತ್ತು ಅವರು ಮಠದಿಂದ ಹೊರಗೆ ಬಂದದ್ದು ಮದುಮಗಳ ಹಾಗೆ, ಬಿಳಿ ಮಖಮಲ್ಲಿನ ಉಡುಪು ಹಾಕಿ, ಅಪ್ಪನ ತೋಳು ಹಿಡಿದು. ಆಮೇಲೆ ಒಳಗೆ ಹೋಗಿ ಆ ಉಡುಪು ತೆಗೆದು ಒರಟು ಕಂದು ನಿಲುವಂಗಿ ತೊಟ್ಟರು. ಆಗ ಅವರಿಗೆ 16 ವರ್ಷ. ಮದುವೆ ಉಡುಪು ಹಾಕಿದ್ದು ಕೆಲವೇ ಗಂಟೆ, ಒರಟು ಬಟ್ಟೆ ಸಾಯುವವರೆಗೆ.

ಈ ಕಾರ್ಮೆಲ್ ಮಠ ನಮ್ಮ ಊರಿನಲ್ಲೂ ಉಂಟು. 1870ರಲ್ಲಿ ಫ್ರಾನ್ಸಿನಿಂದ ಮಂಗಳೂರಿಗೆ ಬಂದ ತಂಡದಲ್ಲಿ ಗಲಿಲಾಯದ ಮರಿಯಂ ಬವಾರ್ದಿ ಅನ್ನುವ ಹುಡುಗಿ ಇದ್ದರು, ಅವರು 1871ರಲ್ಲಿ ವ್ರತ ತೆಗೆದುಕೊಂಡದ್ದು ಮಂಗಳೂರಿನಲ್ಲೇ. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಒಳಗೆ ಇರುವ ಸಿಸ್ಟರ್‌ಗಳು ಹೊರಗೆ ಬರುವುದಿಲ್ಲ. ಅವರನ್ನು ಮಾತಾಡಿಸಲು ಹೋದರೂ ನಡುವೆ ಸರಳು ಇರುತ್ತದೆ. ನಮ್ಮ ಸೆಕೆಯಲ್ಲಿ, ಮೇ ತಿಂಗಳಲ್ಲಿ, ಆ ಕಂದು ನಿಲುವಂಗಿ ಹಾಕಿ ಹೇಗೆ ಇರುತ್ತಾರೋ ಅಂತ ನನಗೆ ಚಿಕ್ಕಂದಿನಿಂದ ಸಂಕಟ.

ಇನ್ನು ಸ್ಕ್ಯಾಪುಲರ್. ಚಿಕ್ಕಮ್ಮನ ಹಳೆಯದನ್ನು ನಾನೇ ಬಿಡಿಸಿ ನೋಡಿದ್ದೇನೆ. ಹೆಗಲಿನ ಅಗಲದ ಒಂದು ಉದ್ದ ಪಟ್ಟಿ, ನಡುವೆ ತಲೆ ತೂರಿಸುವ ತೂತು, ಮುಂದೆಯೂ ಹಿಂದೆಯೂ ಕಾಲಿನವರೆಗೆ ಇಳಿಯುತ್ತದೆ. ಬದಿಗೆ ಹೊಲಿಗೆ ಇಲ್ಲ. ಮುಂದಿನ ಭಾಗ, ಮೊಣಕಾಲಿನ ಹತ್ತಿರ, ಸವೆದು ತೆಳ್ಳಗೆ ಆಗಿತ್ತು. ಮೊದಲಿಗೆ ಅದು ಕೆಲಸ ಮಾಡುವಾಗ ಒಳಗಿನ ಬಟ್ಟೆ ಕೊಳೆಯಾಗದ ಹಾಗೆ ಹಾಕುತ್ತಿದ್ದದ್ದು, ಬೆನೆಡಿಕ್ಟರ ನಿಯಮದಲ್ಲೂ ಅದನ್ನು ಕೆಲಸಕ್ಕೆ ಅಂತಲೇ ಹೇಳಿದೆ. ಕಾರ್ಮೆಲ್ ಸಭೆಯವರಿಗೆ ಮಾತ್ರ ಅದು ಎಲ್ಲಕ್ಕಿಂತ ಪವಿತ್ರ. 1251ರಲ್ಲಿ ಯೇಸುವಿನ ತಾಯಿ ಮರಿಯಮ್ಮನೇ ಸಂತ ಸೈಮನ್ ಸ್ಟಾಕರಿಗೆ ದರ್ಶನ ಕೊಟ್ಟು ಅದನ್ನು ಕೈಗಿತ್ತರು ಎಂಬ ನಂಬಿಕೆ. ಎರಡು ಚಿಕ್ಕ ಕಂದು ಬಟ್ಟೆ ತುಂಡುಗಳನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕುತ್ತಾರಲ್ಲ, ನಮ್ಮ ಮನೆಗಳಲ್ಲಿ ಸಾಧಾರಣ ಜನರೂ ಹಾಕುತ್ತಾರೆ, ಅದು ಇದರದೇ ಚಿಕ್ಕ ರೂಪ.

ಯೂನಿಫಾರ್ಮಾ ಅಂತ ಕೇಳಿದಿರಿ. ಚಿಕ್ಕಮ್ಮ ಬೆಳಿಗ್ಗೆ ಒಂದೊಂದನ್ನೇ ತೊಡುವಾಗ ಒಂದೊಂದು ಪುಟ್ಟ ಪ್ರಾರ್ಥನೆ ಹೇಳುತ್ತಾರೆ. ಸ್ಕ್ಯಾಪುಲರ್ ಹಾಕುವಾಗ 'ನನ್ನ ನೊಗ ಹಗುರ' ಎಂದ ಯೇಸುವಿನ ಮಾತಿನ ನೆನಪು. ಕೆಲವು ದಿನ ಜ್ವರ, ಕೆಲವು ದಿನ ಬೇಸರ, ಆದರೂ ಹೇಳುತ್ತಾರೆ. ಬಾಯಿಪಾಠ ಆಗಿ ಹೋಗುವುದಿಲ್ಲವಾ ಅಂತ ಒಮ್ಮೆ ಕೇಳಿದೆ. 'ಆಗ್ತದೆ ಮಗಾ, ಆದರೆ ಅದನ್ನು ಹೇಳದೆ ಹಾಕಿದ ದಿನ ಏನೋ ಬಿಟ್ಟುಹೋದ ಹಾಗೆ ಇರ್ತದೆ' ಅಂದರು. ಅರ್ಥ ಆಮೇಲೆ ಸೇರಿತು ಅಂತ ಹಳೇಪುಟ ಅವರು ಹೇಳಿದ್ದು ಸರಿ ಇರಬಹುದು. ತೊಡುವವರಿಗೆ ಅದು ದಿನಾ ಬೆಳಿಗ್ಗೆ ಹೊಸದಾಗಿ ಸೇರುತ್ತದೆ.

ಸರಳರೇಖೆ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ, ಆದರೆ ನಾನು ಬೇರೆ ಮಾತು ಹೇಳಬೇಕು. ನಾನೂ ಕ್ಯಾಥೊಲಿಕ್, ಪ್ರತಿ ಭಾನುವಾರ ಚರ್ಚಿಗೆ ಹೋಗುವವನೇ. ಬಡವರ ಬಟ್ಟೆ ಅಂತ ಶುರುವಾದದ್ದು ಇವತ್ತು ಬಡವರ ಬಟ್ಟೆ ಆಗಿ ಉಳಿದಿದೆಯಾ? ಬಸ್ಸಲ್ಲಿ ಸೀಟು ಬಿಟ್ಟುಕೊಡುತ್ತಾರೆ. ಆಫೀಸಲ್ಲಿ ಕ್ಯೂ ನಿಲ್ಲಿಸುವುದಿಲ್ಲ. ಊರಿನ ಬಡ ಹೆಂಗಸು ಸಿಸ್ಟರ್ ಮುಂದೆ ಕೂರಲು ಹಿಂಜರಿಯುತ್ತಾಳೆ. ಬಟ್ಟೆ ಒಂದು ಗೋಡೆ ಆಗಿದೆ. ಬೆನೆಡಿಕ್ಟರು ಅಗ್ಗದ್ದು, ಊರಲ್ಲಿ ಸಿಗುವುದು ಹಾಕಿ ಅಂದರು. ಇವತ್ತು ಊರಲ್ಲಿ ಅಗ್ಗಕ್ಕೆ ಸಿಗುವುದು ಸಾದಾ ಚೂಡಿದಾರ್, ಸಾದಾ ಪ್ಯಾಂಟು ಶರ್ಟು. ಅವರ ಮಾತನ್ನು ನಿಜವಾಗಿ ಪಾಲಿಸುವವರು ಅದನ್ನೇ ಹಾಕಬೇಕಲ್ವಾ?

ಹಂಪೆಕಲ್ಲು ಅವರು ಪ್ಯಾಂಟು ಶರ್ಟಿನ ಫಾದರ್‌ಗಳ ಬಗ್ಗೆ ಕೇಳಿದ್ದರು, ಯಾರೂ ಉತ್ತರ ಕೊಡಲಿಲ್ಲ. ಅವರಲ್ಲಿ ಜೆಸುಯಿಟ್ ಸಭೆಯವರೂ ಇರಬಹುದು. ಸಂತ ಇಗ್ನೇಷಿಯಸ್ 16ನೇ ಶತಮಾನದಲ್ಲೇ ತಮ್ಮ ಸಭೆಗೆ ಪ್ರತ್ಯೇಕ ಬಟ್ಟೆ ಬೇಡ ಎಂದರು. ಮರ್ಯಾದೆಯಾಗಿರಲಿ, ಊರಿನ ರೂಢಿಗೆ ಹೊಂದಲಿ, ಬಡತನಕ್ಕೆ ವಿರೋಧ ಆಗದಿರಲಿ, ಇಷ್ಟೇ ಷರತ್ತು. ಪ್ರತ್ಯೇಕ ಬಟ್ಟೆ ಇಲ್ಲದೇ ಆ ಸಭೆ ಏನೂ ಕಳೆದುಕೊಳ್ಳಲಿಲ್ಲ.

ಹಳೇಪುಟ

ಸರಳರೇಖೆ ಅವರ ಮಾತಿಗೆ ಚರಿತ್ರೆಯಲ್ಲೇ ಬಲವಾದ ಸಾಕ್ಷಿ ಇದೆ, ಅವರು ಹೇಳದೇ ಬಿಟ್ಟಿದ್ದನ್ನು ನಾನು ಹೇಳುತ್ತೇನೆ.

1633ರಲ್ಲಿ ಪ್ಯಾರಿಸಿನಲ್ಲಿ ಸಂತ ವಿನ್ಸೆಂಟ್ ಡಿ ಪಾಲ್ ಮತ್ತು ಲೂಯಿಸ್ ಡಿ ಮರಿಲಾಕ್ ಸೇರಿ ಹೆಣ್ಣುಮಕ್ಕಳ ಒಂದು ಸಭೆ ಕಟ್ಟಿದರು. ಆ ಕಾಲದಲ್ಲಿ ಕನ್ಯಾಸ್ತ್ರೀ ಅಂದರೆ ಗೋಡೆಯ ಒಳಗೇ ಇರಬೇಕು. ಇವರಿಗೆ ಬೇಕಾಗಿದ್ದು ಬೀದಿಗೆ ಇಳಿದು ರೋಗಿಗಳನ್ನು ನೋಡುವವರು. ಅದಕ್ಕೇ ವಿನ್ಸೆಂಟ್ ಹೇಳಿದರು, ನಿಮಗೆ ರೋಗಿಗಳ ಮನೆಯೇ ಮಠ, ಊರಿನ ಬೀದಿಯೇ ಮಠದ ಅಂಗಳ. ಬಟ್ಟೆಯೂ ಪ್ಯಾರಿಸ್ ಸುತ್ತಲಿನ ಹಳ್ಳಿ ಹೆಂಗಸರದ್ದೇ, ಬೂದು ಬಣ್ಣದ್ದು. ಜನರ ನಡುವೆ ಎದ್ದು ಕಾಣಬಾರದು ಅನ್ನುವುದೇ ಉದ್ದೇಶ. ತಲೆಗೆ ಹಳ್ಳಿಯವರ ಬಿಳಿ ಬಟ್ಟೆ. ಕಾಲ ಹೋದ ಹಾಗೆ ಹಳ್ಳಿ ಹೆಂಗಸರು ಆ ಉಡುಪು ಬಿಟ್ಟರು, ಸಭೆಯವರು ಬಿಡಲಿಲ್ಲ. ತಲೆಯ ಬಟ್ಟೆಗೆ ಗಂಜಿ ಹಾಕಿ ಹಾಕಿ ಅದು ಎರಡೂ ಕಡೆ ಹಕ್ಕಿ ರೆಕ್ಕೆ ಹಾಗೆ ಚಾಚಿಕೊಂಡಿತು. ಎದ್ದು ಕಾಣಬಾರದು ಅಂತ ಹಾಕಿದ ಬಟ್ಟೆ ಜಗತ್ತಿನಲ್ಲೇ ಎಲ್ಲಕ್ಕಿಂತ ಎದ್ದು ಕಾಣುವ ಸಿಸ್ಟರ್ ಬಟ್ಟೆ ಆಗಿಹೋಯಿತು. ಅದನ್ನು ಅವರು ಕೈಬಿಟ್ಟದ್ದು 1964ರಲ್ಲಿ.

ಮರುವರ್ಷವೇ, 1965ರ ಅಕ್ಟೋಬರಿನಲ್ಲಿ, ಜಗತ್ತಿನ ಕ್ಯಾಥೊಲಿಕ್ ಬಿಷಪ್ಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಇದನ್ನೇ ಎಲ್ಲರಿಗೂ ಹೇಳಿತು. ಸನ್ಯಾಸಿಗಳ ಬಟ್ಟೆ ದೇವರಿಗೆ ಅರ್ಪಿಸಿಕೊಂಡ ಗುರುತು. ಅದು ಸರಳವಾಗಿ, ಬಡತನಕ್ಕೆ ತಕ್ಕಂತೆ ಇರಲಿ. ಆರೋಗ್ಯಕ್ಕೆ ಒಗ್ಗಲಿ, ಕಾಲಕ್ಕೆ, ಊರಿಗೆ, ಮಾಡುವ ಕೆಲಸಕ್ಕೆ ಹೊಂದಲಿ. ಹೊಂದದಿದ್ದರೆ ಬದಲಾಯಿಸಿ. ಗಮನಿಸಿ, ಬಿಟ್ಟುಬಿಡಿ ಅನ್ನಲಿಲ್ಲ. 1983ರ ಚರ್ಚ್ ಕಾನೂನಿನ 669ನೇ ವಿಧಿಯೂ, ತಮ್ಮ ಸಭೆಯ ಬಟ್ಟೆಯನ್ನು ಅರ್ಪಣೆಯ ಗುರುತಾಗಿ, ಬಡತನಕ್ಕೆ ಸಾಕ್ಷಿಯಾಗಿ ತೊಡಬೇಕು ಅಂತಲೇ ಹೇಳುತ್ತದೆ.

ಬಣ್ಣದ ಕಥೆ ಬಾಕಿ ಇತ್ತಲ್ಲ, ಅದೂ ಇಲ್ಲಿಗೇ ಸೇರುತ್ತದೆ. ಬೆನೆಡಿಕ್ಟರು ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ ಅಂದಿದ್ದರು. ಆದರೂ ಅವರ ಮಠಗಳಲ್ಲಿ ಕಪ್ಪು ರೂಢಿಯಾಯಿತು. 1098ರಲ್ಲಿ ಫ್ರಾನ್ಸಿನ ಸೀತೋ ಎಂಬಲ್ಲಿ ಕೆಲವರು ಮೂಲ ನಿಯಮಕ್ಕೇ ವಾಪಸ್ ಹೋಗೋಣ ಅಂತ ಹೊಸ ಮಠ ಕಟ್ಟಿದರು, ಅವರೇ ಸಿಸ್ಟರ್ಸಿಯನ್ನರು. ಬಣ್ಣ ಹಾಕದ ಉಣ್ಣೆ ಸಾಕು ಅಂದರು, ಹಾಗಾಗಿ ಅವರದ್ದು ಬಿಳಿ. ಎರಡೂ ಕಡೆಯವರಿಗೆ ದೊಡ್ಡ ಜಗಳವೇ ಆಯಿತು. ಕಪ್ಪು ಬಟ್ಟೆಯವರ ಕ್ಲೂನಿ ಮಠದ ಹಿರಿಯರಾಗಿದ್ದ ಪೀಟರ್ ದಿ ವೆನರಬಲ್ ಸಿಸ್ಟರ್ಸಿಯನ್ನರ ಬರ್ನಾರ್ಡರಿಗೆ ಬರೆದ ಪತ್ರಗಳಲ್ಲಿ ಬಟ್ಟೆಯ ಬಣ್ಣದ ಮಾತು ಬರುತ್ತದೆ. ಕಪ್ಪಿನವರು ಬಿಳಿಯವರನ್ನು, ಬಿಳಿಯವರು ಕಪ್ಪಿನವರನ್ನು ಯಾವುದೋ ವಿಚಿತ್ರ ಪ್ರಾಣಿ ಕಂಡ ಹಾಗೆ ಓರೆಗಣ್ಣಲ್ಲಿ ನೋಡುತ್ತಾರೆ ಅಂತ ಅವರು ನೊಂದುಕೊಂಡಿದ್ದಾರೆ. ಕಪ್ಪು ಅಂದರೆ ದೀನತೆ, ಬಿಳಿ ಅಂದರೆ ಮಹಿಮೆ ಅನ್ನುವ ಮಾತು ಈ ಜಗಳದಲ್ಲಿ ಗಟ್ಟಿಯಾಯಿತು. ನೀವು ನೆಟ್‌ನಲ್ಲಿ ಓದಿದ ಆ ಎರಡು ಸಾಲಿನ ಹಿಂದೆ ಇಷ್ಟು ಕಹಿ ಇದೆ. ಅಲ್ಲಿ ಬಣ್ಣ ಅರ್ಥ ಹೇಳುವುದಕ್ಕಿಂತ 'ನಾವು ನಿಮಗಿಂತ ಮೇಲು' ಅಂತ ಹೇಳಿದ್ದೇ ಜಾಸ್ತಿ.

ಹಾಗಾಗಿ ಸರಳರೇಖೆ ಅವರ ಆತಂಕ ನನಗೂ ಇದೆ. ಆದರೆ ಬಟ್ಟೆಯನ್ನೇ ತೆಗೆದುಹಾಕಿದರೆ ಆ ಮೇಲು ಕೀಳು ಹೋಗುತ್ತದೆ ಅಂತ ನನಗೆ ಅನಿಸುವುದಿಲ್ಲ. ಅದು ಒಳ್ಳೆ ಪ್ಯಾಂಟು ಶರ್ಟಲ್ಲೂ ಬರುತ್ತದೆ, ಕೈಗಡಿಯಾರದಲ್ಲೂ ಬರುತ್ತದೆ.

ಕೊಳ್ಳೇಗಾಲದ ಹುಡುಗ

ಸೀರೆ ವಿಷಯ ಯಾರೂ ಮುಟ್ಟಲಿಲ್ಲ. ಊರಿಗೆ ಹೊಂದುವ ಬಟ್ಟೆ ಅಂದರೆ ನಮ್ಮ ದೇಶದಲ್ಲಿ ಅದೇ ತಾನೆ.

ಮದರ್ ತೆರೇಸಾ ಮೊದಲು ಲೊರೆಟೊ ಸಭೆಯ ಸಿಸ್ಟರ್, ಯುರೋಪಿನ ಥರದ ನಿಲುವಂಗಿ ಹಾಕ್ತಿದ್ದವರು. 1948ರ ಆಗಸ್ಟಿನಲ್ಲಿ ಅದನ್ನ ಬಿಚ್ಚಿಟ್ಟು ನೀಲಿ ಅಂಚಿನ ಬಿಳಿ ಸೀರೆ ಉಟ್ಟು ಕಲ್ಕತ್ತಾದ ಬೀದಿಗೆ ಬಂದರು. ಅದು ಅಲ್ಲಿನ ಬಡ ಹೆಂಗಸರು ಉಡುವಂಥ ಅಗ್ಗದ ಹತ್ತಿ ಸೀರೆ. ಮೂರು ನೀಲಿ ಪಟ್ಟಿ, ನೀಲಿ ಮರಿಯಮ್ಮನ ಬಣ್ಣ. ಎಡ ಹೆಗಲಿಗೆ ಪುಟ್ಟ ಶಿಲುಬೆ. ಈ ಸೀರೆಗಳನ್ನ ನೇಯೋದು ಕಲ್ಕತ್ತಾ ಹತ್ತಿರದ ಟಿಟಾಗಢದಲ್ಲಿ, ಕುಷ್ಠರೋಗದಿಂದ ನರಳಿದವರು. ಅಂದರೆ ಸಿಸ್ಟರ್‌ಗಳು ಯಾರ ಸೇವೆ ಮಾಡ್ತಾರೋ ಅವರ ಕೈ ನೇಯ್ದ ಬಟ್ಟೆಯೇ ಸಿಸ್ಟರ್‌ಗಳ ಮೈ ಮೇಲೆ. ಮೂರು ಪಟ್ಟಿಯ ಅರ್ಥಕ್ಕಿಂತ ಇದು ದೊಡ್ಡ ಅರ್ಥ ಅಲ್ವಾ?

ಕಾವಿಯೂ ಇದೆ. 1606ರಲ್ಲಿ ಮಧುರೆಗೆ ಬಂದ ಜೆಸುಯಿಟ್ ರಾಬರ್ಟೊ ಡಿ ನೊಬಿಲಿ ಪಾದ್ರಿಗಳ ಕರಿ ನಿಲುವಂಗಿ ಬಿಟ್ಟು ಕಾವಿ ಉಟ್ಟರು. ಅವರ ಕಡೆಯವರಿಂದಲೇ ದೊಡ್ಡ ಗಲಾಟೆ ಆಯ್ತು, ರೋಮ್‌ವರೆಗೂ ಹೋಯ್ತು. 1623ರಲ್ಲಿ ಪೋಪ್ ಹದಿನೈದನೇ ಗ್ರೆಗೊರಿ ಅವರ ದಾರಿಗೆ ಒಪ್ಪಿಗೆ ಕೊಟ್ಟರು. ಅದೇ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಲಿಯೊನಾರ್ಡೊ ಚಿನ್ನಾಮಿಯವರೂ ಅದೇ ದಾರಿ ಹಿಡಿದು ಸನ್ಯಾಸಿ ವೇಷದಲ್ಲಿ ಕೆಲಸ ಮಾಡಿದರು, ಕನ್ನಡ ಕಲಿತು ಕನ್ನಡದಲ್ಲೇ ಬರೆದರು. 1950ರಲ್ಲಿ ಕಾವೇರಿ ದಡದಲ್ಲಿ, ತಮಿಳುನಾಡಿನ ಕುಳಿತಲೈ ಹತ್ತಿರ, ಶಾಂತಿವನ ಆಶ್ರಮ ಶುರುವಾಯ್ತು. ಅಲ್ಲೂ ಕಾವಿಯೇ, ಅದೂ ಬೆನೆಡಿಕ್ಟರ ನಿಯಮದ ಪ್ರಕಾರ ಬದುಕುವವರು.

ಆದರೆ ಸರಳರೇಖೆ ಅಣ್ಣನ ಮಾತು ಇಲ್ಲೂ ಕಾಡುತ್ತೆ. ಕಾವಿ ನಮ್ಮಲ್ಲಿ ಬಡವರ ಬಟ್ಟೆ ಅಲ್ಲ, ಕಾಲಿಗೆ ಬೀಳುವ ಬಟ್ಟೆ. ನೊಬಿಲಿ ಅದನ್ನ ಹಾಕಿದ್ದು ಮೇಲ್ಜಾತಿಯವರು ಹತ್ತಿರ ಬರಲಿ ಅಂತ. ಅದರಿಂದ ಕೆಳಜಾತಿಯ ಕ್ರೈಸ್ತರಿಂದ ದೂರ ಇರಬೇಕಾಯ್ತು. ಮದರ್ ಅವರ ಸೀರೆಗೂ ನೊಬಿಲಿಯ ಕಾವಿಗೂ ಅಲ್ಲೇ ವ್ಯತ್ಯಾಸ. ಎರಡೂ ಈ ನೆಲದ ಬಟ್ಟೆನೇ. ಒಂದು ಕೆಳಗೆ ಇಳಿದು ಉಟ್ಟದ್ದು.

ಸರಳರೇಖೆ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ನನ್ನ ಜಗಳ ಬಟ್ಟೆಯ ಜೊತೆ ಅಲ್ಲ ಅಂತ ಈ ಚರ್ಚೆ ಓದುತ್ತಾ ನನಗೇ ಸ್ಪಷ್ಟ ಆಯಿತು. ಟಿಟಾಗಢದ ಸೀರೆ ಬಗ್ಗೆ ಯಾರೂ ದೂರುವುದಿಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ಬೆನೆಡಿಕ್ಟರ ನಿಯಮದಲ್ಲಿ ಹಳೆ ಬಟ್ಟೆ ಬಡವರಿಗೆ ಹೋಗುತ್ತಿತ್ತು, ಅಂದರೆ ಸನ್ಯಾಸಿ ತೊಟ್ಟದ್ದನ್ನು ಊರಿನ ಬಡವನೂ ತೊಡಬಹುದಿತ್ತು. ಇವತ್ತಿನ ನಿಲುವಂಗಿಯನ್ನು ಹಾಗೆ ಯಾರಿಗೂ ಕೊಡಲು ಆಗುವುದಿಲ್ಲ. ಪ್ರತಿ ಸಭೆಯೂ ತನ್ನ ಬಟ್ಟೆಯನ್ನು ಹೀಗೊಮ್ಮೆ ಪರೀಕ್ಷೆ ಮಾಡಿ ನೋಡಲಿ ಅಂತ ನನ್ನ ಆಸೆ.

ಹಂಪೆಕಲ್ಲು

ಕೇಳಿದ್ದಕ್ಕಿಂತ ಜಾಸ್ತಿ ಸಿಕ್ಕಿತು. ಕಡಲತಡಿ ಅಕ್ಕ, ಒಂದೇ ಒಂದು ಕೊನೆ ಪ್ರಶ್ನೆ. ನಮ್ಮ ಶಾಲೆಯ ಸಿಸ್ಟರ್ ಒಬ್ಬರು ಇನ್ನೂ ಅಲ್ಲೇ ಇದ್ದಾರೆ, ವಯಸ್ಸಾಗಿದೆ. ಹೋಗಿ ನೇರವಾಗಿ ಅವರ ಬಟ್ಟೆ ಬಗ್ಗೆ ಕೇಳಿದರೆ ತಪ್ಪು ತಿಳಿಯುತ್ತಾರಾ?

ಕಡಲತಡಿ

ಖಂಡಿತ ಕೇಳಿ. ತಪ್ಪು ತಿಳಿಯುವುದಿಲ್ಲ, ಖುಷಿಪಡುತ್ತಾರೆ. ಅವರನ್ನು ಇದನ್ನು ಕೇಳುವವರೇ ಕಡಿಮೆ. ಆದರೆ 'ಇದರ ಅರ್ಥ ಏನು' ಅಂತ ಶುರು ಮಾಡಬೇಡಿ, ಪುಸ್ತಕದ ಉತ್ತರ ಕೊಡುತ್ತಾರೆ. 'ನಿಮಗೆ ಇದನ್ನು ಮೊದಲು ಯಾವಾಗ ತೊಡಿಸಿದರು, ಅವತ್ತು ಮನೆಯಿಂದ ಯಾರು ಬಂದಿದ್ದರು' ಅಂತ ಕೇಳಿ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಬೇಡಿ, ಪ್ರಾರ್ಥನೆ ಇರುತ್ತದೆ. ಸಂಜೆ ನಾಲ್ಕರ ಮೇಲೆ ಹೋದರೆ ಚಾ ಸಿಗುತ್ತದೆ, ಸಮಯವೂ ಇರುತ್ತದೆ.